ಕಪ್ಪು ಪಟ್ಟಿ ದೋಷವಲ್ಲ, ಹಿಗ್ಗಿದ ಚಿತ್ರ ದೋಷ

ಮಾನ್ಯ ಸಂಪಾದಕರೇ,

ಹೊಸ ಟಿ.ವಿ.ಯ ಎಡಬಲದಲ್ಲಿ ಕಪ್ಪು ಪಟ್ಟಿ ಕಾಣುತ್ತಿತ್ತು, ಕೊನೆಗೆ ಕೇಬಲ್‌ನ ಹುಡುಗ ಬಂದು ರಿಮೋಟ್‌ನಲ್ಲಿ ಏನೋ ಒತ್ತಿ ‘ಫುಲ್’ ಮಾಡಿಕೊಟ್ಟ, ಈಗ ಪರದೆ ತುಂಬ ಚಿತ್ರ ಬರುತ್ತಿದೆ ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಆ ಟಿ.ವಿ. ಮೊದಲು ಸರಿಯಾಗಿಯೇ ಇತ್ತು. ಕೆಟ್ಟದ್ದು ‘ಫುಲ್’ ಒತ್ತಿದ ಮೇಲೆ. ಮುಂಬಯಿ, ಠಾಣೆ, ಡೊಂಬಿವಲಿಯ ಕನ್ನಡಿಗರ ಮನೆಗಳಲ್ಲಿ, ಉಡುಪಿ ಹೋಟೆಲುಗಳ ಗೋಡೆಯ ಮೇಲೆ, ಸಂಘಗಳ ಸಭಾಗೃಹಗಳಲ್ಲಿ ಇದೇ ತಪ್ಪು ದಿನವೂ ಕಾಣುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ದಯವಿಟ್ಟು ಜಾಗ ಕೊಡಿ.

ಹಳೆಯ ಡಬ್ಬಾ ಟಿ.ವಿ.ಯ ಪರದೆ 4:3. ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಮುಂಬಯಿ ದೂರದರ್ಶನ ಕೇಂದ್ರ 1972ರ ಅಕ್ಟೋಬರ್ 2ರಂದು ಶುರುವಾಯಿತು. ಆಗಿನಿಂದ ದಶಕಗಳ ಕಾಲ ಟಿ.ವಿ.ಗೆಂದು ತೆಗೆದ ಕಾರ್ಯಕ್ರಮಗಳು, ಮನೆಮನೆಯ ಮದುವೆ ಕ್ಯಾಸೆಟ್‌ಗಳು, ಯಕ್ಷಗಾನದ ವಿಸಿಡಿಗಳು ಎಲ್ಲವೂ ಈ ಅಳತೆಯವೇ. ಈಗಿನ ಚಪ್ಪಟೆ ಟಿ.ವಿ. 16:9. ಎತ್ತರ ಒಂದೇ ಇಟ್ಟುಕೊಂಡರೆ ಹಳೆಯದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಅಗಲ. ಹಳೆಯ ಚಿತ್ರವನ್ನು ಇದರಲ್ಲಿ ಇಟ್ಟಾಗ ಎರಡೂ ಕಡೆ ಪರದೆಯ ಎಂಟನೇ ಒಂದು ಪಾಲಿನಷ್ಟು ಜಾಗ ಖಾಲಿ ಉಳಿಯಲೇಬೇಕು. 43 ಇಂಚಿನ ಟಿ.ವಿ.ಯ ಪರದೆ ಸುಮಾರು 95 ಸೆಂ.ಮೀ. ಅಗಲ, 53.5 ಸೆಂ.ಮೀ. ಎತ್ತರ ಇರುತ್ತದೆ. ಅದರಲ್ಲಿ 4:3 ಚಿತ್ರ 71 ಸೆಂ.ಮೀ. ಅಗಲಕ್ಕೆ ನಿಲ್ಲುತ್ತದೆ, ಒಂದೊಂದು ಬದಿಗೆ ಸುಮಾರು 12 ಸೆಂ.ಮೀ. ಕಪ್ಪು. ಆ ಕಪ್ಪು ಜಾಗದಲ್ಲಿ ತೋರಿಸಲು ಚಿತ್ರವೇ ಇಲ್ಲ, ಕ್ಯಾಮೆರಾ ಅದನ್ನು ತೆಗೆದೇ ಇಲ್ಲ.

‘ದುಡ್ಡು ಕೊಟ್ಟದ್ದು ಪೂರ್ತಿ ಪರದೆಗೆ, ಚಿತ್ರ ಮಾತ್ರ ಮುಕ್ಕಾಲು’ ಎಂಬ ಬೇಸರ ನಮಗೆ ಅರ್ಥವಾಗುತ್ತದೆ. ಆದರೆ ಒಂದು ಲೆಕ್ಕ ನೋಡಿ. 32 ಇಂಚಿನ ಟಿ.ವಿ.ಯ ಎತ್ತರ ಸುಮಾರು 40 ಸೆಂ.ಮೀ. ಕಪ್ಪು ಪಟ್ಟಿ ಬಿಟ್ಟು ಅದರಲ್ಲಿ ಬರುವ 4:3 ಚಿತ್ರವನ್ನು ಮೂಲೆಯಿಂದ ಮೂಲೆಗೆ ಅಳೆದರೆ 26 ಇಂಚು ಬರುತ್ತದೆ. ಹಿಂದೆ ಮನೆಯಲ್ಲಿದ್ದ 21 ಇಂಚಿನ ಡಬ್ಬಾ ಟಿ.ವಿ.ಗಿಂತ ಅದು ದೊಡ್ಡದೇ. ನಷ್ಟವಾದದ್ದು ಏನೂ ಇಲ್ಲ.

ಪರದೆ ತುಂಬಿಸಬೇಕೆಂದರೆ ಎರಡೇ ದಾರಿ. ಒಂದು, ಅಡ್ಡಕ್ಕೆ ಎಳೆಯುವುದು. ಆಗ 30 ಸೆಂ.ಮೀ.ಯ ಗುಂಡು ತಟ್ಟೆ 40 ಸೆಂ.ಮೀ. ಅಗಲದ ಮೊಟ್ಟೆಯಾಗುತ್ತದೆ. ಎಲ್ಲರ ಮುಖವೂ ಊದಿಕೊಂಡಂತೆ, ಕುತ್ತಿಗೆ ಗಿಡ್ಡವಾದಂತೆ ಕಾಣುತ್ತದೆ. ಎರಡು, ‘ಝೂಮ್’. ಇದರಲ್ಲಿ ಆಕಾರ ಕೆಡುವುದಿಲ್ಲ, ಆದರೆ ಚಿತ್ರದ ಕಾಲು ಭಾಗ ಮೇಲೆ ಕೆಳಗೆ ಕತ್ತರಿಸಿ ಹೋಗುತ್ತದೆ. ಯಕ್ಷಗಾನದ ವಿಡಿಯೊದಲ್ಲಿ ಇದರ ಪರಿಣಾಮ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಮೇಲೆ ಕಿರೀಟದ ತುದಿ, ಬಡಗಿನ ವೇಷವಾದರೆ ಕೇದಗೆ ಮುಂದಲೆ, ಕಡಿದುಹೋಗುತ್ತದೆ. ಕೆಳಗೆ ಗೆಜ್ಜೆ ಕಟ್ಟಿದ ಕಾಲೇ ಕಾಣುವುದಿಲ್ಲ. ಹೆಜ್ಜೆ ಕಾಣದ ಮೇಲೆ ಕುಣಿತ ಏನನ್ನು ನೋಡುವುದು? ಪಟ್ಟಿ ಹಾಗೇ ಬಿಡುವುದು ಮತ್ತು ಝೂಮ್, ಇವೆರಡರ ನಡುವಿನದು ಕೆಲವು ಟಿ.ವಿ.ಗಳಲ್ಲಿರುವ ‘14:9’. ಅದು ಮೇಲೂ ಕೆಳಗೂ ಶೇ 7ರಷ್ಟು ಮಾತ್ರ ಕತ್ತರಿಸಿ, ಬದಿಗಳಲ್ಲಿ ಶೇ 6ರಷ್ಟು ಕಪ್ಪು ಬಿಡುತ್ತದೆ, ಆಕಾರ ಕೆಡಿಸುವುದಿಲ್ಲ. ಪಟ್ಟಿ ಕಂಡರೆ ಆಗುವುದೇ ಇಲ್ಲ ಎನ್ನುವ ಹಿರಿಯರಿರುವ ಮನೆಗೆ ಇದನ್ನು ಒಪ್ಪಬಹುದು.

‘ವೈಡ್ ಝೂಮ್’, ‘ಪನೋರಮಾ’, ‘ಸ್ಮಾರ್ಟ್’ ಎಂಬ ಹೆಸರಿನವು ಇನ್ನೂ ಮೋಸದವು. ನಡುವಿನ ಭಾಗವನ್ನು ಹೆಚ್ಚುಕಡಿಮೆ ಸರಿಯಾಗಿಟ್ಟು ಅಂಚುಗಳನ್ನು ಮಾತ್ರ ಎಳೆಯುತ್ತವೆ. ವಾರ್ತೆ ಓದುವವರು ನಡುವೆ ಕೂತಿರುವ ತನಕ ಗೊತ್ತಾಗುವುದಿಲ್ಲ. ಪಾತ್ರಧಾರಿ ರಂಗದ ಎಡದಿಂದ ಬಲಕ್ಕೆ ನಡೆದರೆ ಮೊದಲು ದಪ್ಪ, ನಡುವೆ ತೆಳು, ಮತ್ತೆ ದಪ್ಪ. ಕೆಳಗೆ ಓಡುವ ಸುದ್ದಿಯ ಸಾಲನ್ನು ಗಮನಿಸಿ. ಅಕ್ಷರಗಳು ಅಂಚಿನಲ್ಲಿ ಅಗಲವಾಗಿ, ನಡುವೆ ಬಂದಾಗ ಕಿರಿದಾದರೆ ಈ ಮೋಡ್ ಚಾಲೂ ಇದೆ ಎಂದೇ ಅರ್ಥ.

ಮನೆಯಲ್ಲಿ ತೊಂದರೆ ಹುಟ್ಟುವುದು ಹೆಚ್ಚಾಗಿ ಟಿ.ವಿ.ಯಲ್ಲಿ ಅಲ್ಲ, ಸೆಟ್‌ಟಾಪ್ ಬಾಕ್ಸ್‌ನಲ್ಲಿ. ಮುಂಬಯಿಯಲ್ಲಿ ಕೇಬಲ್ ಡಿಜಿಟಲ್ ಆದದ್ದು 2012ರ ಅಕ್ಟೋಬರ್ 31ರ ಗಡುವಿಗೆ, ಪುಣೆಯಲ್ಲಿ 2013ರ ಮಾರ್ಚ್ 31ರ ಗಡುವಿಗೆ. ಆಗ ಬಹಳ ಮನೆಗಳಲ್ಲಿ ಇದ್ದದ್ದು ಡಬ್ಬಾ ಟಿ.ವಿ.ಯೇ, ಆದ್ದರಿಂದ ಬಾಕ್ಸ್ ಕೂಡಿಸಿದವರು ಅದರಲ್ಲಿ ‘ಟಿ.ವಿ. ಟೈಪ್ 4:3’ ಎಂದು ಇಟ್ಟರು. ಆಮೇಲೆ ಟಿ.ವಿ. ಬದಲಾಯಿತು, ಬಾಕ್ಸ್‌ನ ಆ ಒಂದು ಸಾಲು ಬದಲಾಗಲಿಲ್ಲ. ಈಗ ಬಾಕ್ಸ್ ತನ್ನ ಮುಂದಿರುವುದು 4:3 ಟಿ.ವಿ. ಎಂದೇ ನಂಬಿ, ಅಗಲ ಚಿತ್ರಕ್ಕೆ ಮೇಲೆ ಕೆಳಗೆ ಕಪ್ಪು ಪಟ್ಟಿ ಸೇರಿಸಿ ಕಳಿಸುತ್ತದೆ. ಟಿ.ವಿ. ಅದನ್ನು ಅಡ್ಡಕ್ಕೆ ಎಳೆದು ತೋರಿಸುತ್ತದೆ. ಮೇಲೆ ಕೆಳಗೆ ಪಟ್ಟಿ, ಜೊತೆಗೆ ಜನರೂ ದಪ್ಪ, ಎರಡೂ ಒಟ್ಟಿಗೆ ಕಂಡರೆ ನೇರವಾಗಿ ಬಾಕ್ಸ್‌ನ ಸೆಟ್ಟಿಂಗ್‌ಗೆ ಹೋಗಿ.

ಮಾಡಬೇಕಾದ ಕೆಲಸ ಹತ್ತು ನಿಮಿಷದ್ದು. ಮೊದಲು ತಂತಿ ನೋಡಿ. ಹಳದಿ, ಬಿಳಿ, ಕೆಂಪು ಪಿನ್ನಿನ ಎ.ವಿ. ತಂತಿ ಇದ್ದರೆ, ಬಾಕ್ಸ್‌ನಲ್ಲಿ ಎಚ್‌ಡಿಎಂಐ ಕಿಂಡಿ ಇದೆಯೇ ಎಂದು ಹಿಂದೆ ಬಗ್ಗಿ ನೋಡಿ, ಇದ್ದರೆ ಆ ಕೇಬಲ್ ಹಾಕಿ. ಹಳದಿ ತಂತಿಯಲ್ಲಿ ಎಚ್‌ಡಿ ಚಿತ್ರ ಹರಿಯುವುದಿಲ್ಲ, ಬಂದ ಚಿತ್ರದ ಆಕಾರ ಯಾವುದೆಂದು ಟಿ.ವಿ.ಗೆ ಸರಿಯಾಗಿ ತಿಳಿಯುವುದೂ ಕಷ್ಟ. ಮುಂದೆ ಬಾಕ್ಸ್‌ನ ರಿಮೋಟ್‌ನಲ್ಲಿ ಮೆನು, ಸೆಟ್ಟಿಂಗ್ಸ್, ವಿಡಿಯೊ ಅಥವಾ ಡಿಸ್‌ಪ್ಲೇ ಎಂಬಲ್ಲಿಗೆ ಹೋಗಿ. ಟಿ.ವಿ. ಆಕಾರ 16:9 ಎಂದಿಡಿ. ರೆಸಲ್ಯೂಷನ್ 1080 ಎಂದಿಡಿ, ಟಿ.ವಿ. ಹಳೆಯ ಎಚ್‌ಡಿ ರೆಡಿ ಮಾದರಿಯಾಗಿ ಅದನ್ನು ಸ್ವೀಕರಿಸದಿದ್ದರೆ 720. ಅಲ್ಲೇ ‘4:3 ಚಾನೆಲ್ ಹೇಗೆ ತೋರಿಸಬೇಕು’ ಎಂಬ ಅರ್ಥದ ಇನ್ನೊಂದು ಸಾಲು ಇರುತ್ತದೆ. ‘ಪಿಲ್ಲರ್‌ಬಾಕ್ಸ್’, ‘ಒರಿಜಿನಲ್’ ಅಥವಾ ‘ನಾರ್ಮಲ್’ ಆರಿಸಿ. ‘ಸ್ಟ್ರೆಚ್’, ‘ಫುಲ್ ಸ್ಕ್ರೀನ್’ ಬೇಡ. ಕೆಲವು ಬಾಕ್ಸ್‌ಗಳ ರಿಮೋಟ್‌ನಲ್ಲಿ ಇದಕ್ಕೇ ಒಂದು ಗುಂಡಿ ಇರುತ್ತದೆ, ಮಕ್ಕಳ ಕೈತಪ್ಪಿ ಅದು ಒತ್ತಿಹೋಗುವುದೂ ಉಂಟು.

ಬಾಕ್ಸ್ ಸರಿಯಾದ ಮೇಲೆ ಟಿ.ವಿ.ಯ ಸ್ವಂತ ರಿಮೋಟ್ ಹಿಡಿಯಿರಿ. ಪಿಕ್ಚರ್ ಸೈಜ್, ಆಸ್ಪೆಕ್ಟ್ ರೇಷಿಯೊ, ವೈಡ್ ಮೋಡ್ ಎಂದು ಕಂಪನಿಗೊಂದು ಹೆಸರು. ಅದನ್ನು 16:9ರಲ್ಲಿ ಬಿಟ್ಟುಬಿಡಿ. ಆಕಾರ ತಿದ್ದುವ ಕೆಲಸ ಒಬ್ಬರೇ ಮಾಡಬೇಕು, ಅದು ಬಾಕ್ಸ್ ಆಗಿರಲಿ. ಇಬ್ಬರೂ ತಿದ್ದಲು ಹೊರಟಾಗ ಗೊಂದಲ. ಬಾಕ್ಸ್ ಬದಿಗೆ ಪಟ್ಟಿ ಹಾಕಿ ಕಳಿಸಿದ 4:3 ಚಿತ್ರವನ್ನು ಟಿ.ವಿ. ಮತ್ತೆ 4:3ಕ್ಕೆ ಅಮುಕಿದರೆ, ಚಿತ್ರ ಪರದೆಯ ಅಗಲದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಉಳಿಯುತ್ತದೆ, ಜನರೆಲ್ಲ ಕಡ್ಡಿಯಂತೆ ಕಾಣುತ್ತಾರೆ. ಇನ್ನೊಂದು ಮಾತು: ಟಿ.ವಿ. ಈ ಸೆಟ್ಟಿಂಗನ್ನು ಸಾಮಾನ್ಯವಾಗಿ ಪ್ರತಿ ಕಿಂಡಿಗೂ ಬೇರೆಬೇರೆಯಾಗಿ ನೆನಪಿಡುತ್ತದೆ. ಎಚ್‌ಡಿಎಂಐ 1ರಲ್ಲಿ ಸರಿಮಾಡಿದ್ದು ಎಚ್‌ಡಿಎಂಐ 2ಕ್ಕೆ, ಪೆನ್‌ಡ್ರೈವ್‌ಗೆ ಅನ್ವಯಿಸುವುದಿಲ್ಲ. ‘ನಿನ್ನೆ ಸರಿ ಇತ್ತು, ಇವತ್ತು ಕೆಟ್ಟಿತು’ ಎನ್ನುವವರು ಬಾಕ್ಸ್‌ನ ತಂತಿಯನ್ನು ಬೇರೆ ಕಿಂಡಿಗೆ ಚುಚ್ಚಿದ್ದಾರೆಯೇ ಎಂದು ಮೊದಲು ನೋಡಲಿ.

ವಾರ್ತೆಯ ಕೆಳಸಾಲು ಅರ್ಧ ಮುಚ್ಚಿಹೋಗುತ್ತದೆ, ಕ್ರಿಕೆಟ್ ಸ್ಕೋರಿನ ಮೊದಲ ಅಂಕಿ ಕಾಣುವುದಿಲ್ಲ ಎಂಬುದು ಬೇರೆ ಕಾಯಿಲೆ. ಹೆಸರು ಓವರ್‌ಸ್ಕ್ಯಾನ್. ಡಬ್ಬಾ ಟಿ.ವಿ.ಯ ಕೊಳವೆಯಲ್ಲಿ ಚಿತ್ರದ ಅಂಚು ಎಂದೂ ನೆಟ್ಟಗೆ ನಿಲ್ಲುತ್ತಿರಲಿಲ್ಲ, ಹಾಗಾಗಿ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುವ ರೂಢಿ ಬಂತು. ಚಪ್ಪಟೆ ಪರದೆಗೆ ಅದರ ಅಗತ್ಯವೇ ಇಲ್ಲ, ಆದರೂ ಬಹಳ ಟಿ.ವಿ.ಗಳು ಅಂಗಡಿಯಿಂದ ಬರುವಾಗಲೇ ಅದನ್ನು ಚಾಲೂ ಇಟ್ಟುಕೊಂಡು ಬರುತ್ತವೆ. ಅಂಚು ಹೋಗುವುದಷ್ಟೇ ಅಲ್ಲ, 1920 ಚುಕ್ಕೆಗಳ (ಪಿಕ್ಸೆಲ್‌ಗಳ) ಸಾಲನ್ನು ಎಳೆದು ಹಿಗ್ಗಿಸುವುದರಿಂದ ಅಕ್ಷರಗಳ ಹರಿತವೂ ಮಂಕಾಗುತ್ತದೆ. ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’ ಅಥವಾ ‘ಫಿಟ್ ಟು ಸ್ಕ್ರೀನ್’, ಸೋನಿಯಲ್ಲಿ ಡಿಸ್‌ಪ್ಲೇ ಏರಿಯಾ ಎಂಬಲ್ಲಿ ‘ಫುಲ್ ಪಿಕ್ಸೆಲ್’, ಬೇರೆಯವರಲ್ಲಿ ‘ಡಾಟ್ ಬೈ ಡಾಟ್’ ಅಥವಾ ‘ಓವರ್‌ಸ್ಕ್ಯಾನ್ ಆಫ್’. ಲ್ಯಾಪ್‌ಟಾಪ್ ಜೋಡಿಸಿದಾಗ ಅಂಚು ಕತ್ತರಿಸಿದರೂ ಮದ್ದು ಇದೇ. ಕೆಲವು ಟಿ.ವಿ.ಗಳಲ್ಲಿ ಆ ಕಿಂಡಿಯ ಹೆಸರನ್ನು ‘ಪಿಸಿ’ ಎಂದು ಬದಲಾಯಿಸಿದರೆ ತಾನಾಗಿಯೇ ಸರಿಹೋಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವುದು ಚಾನೆಲ್‌ನವರದೇ ತಪ್ಪು. ನಾಲ್ಕೂ ಸುತ್ತ ಕಪ್ಪು ಬಂದು ಚಿತ್ರ ನಡುವೆ ಅಂಚೆ ಕಾರ್ಡಿನಂತೆ ನಿಂತರೆ, ಅಗಲ ಚಿತ್ರವನ್ನು ಅವರು 4:3ರೊಳಗೆ ಕೂರಿಸಿ ಕಳಿಸುತ್ತಿದ್ದಾರೆ ಎಂದರ್ಥ. ‘ಝೂಮ್’ ಒತ್ತಲು ಸರಿಯಾದ ಜಾಗ ಇದೊಂದೇ. ಸಿನಿಮಾಸ್ಕೋಪ್ ಚಿತ್ರಗಳ ಹಳೆಯ ಡಿವಿಡಿಗಳಲ್ಲೂ ಹೀಗಿರುತ್ತದೆ. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಸೊಸೆ ತಂದ ಸೌಭಾಗ್ಯ’ 1977ರದು. ಆ ಅಗಲದ ಚಿತ್ರ ಎತ್ತರದ 2.35 ಪಟ್ಟು ಅಗಲ ಇರುತ್ತದೆ. 4:3 ಡಿವಿಡಿಯ 576 ಗೆರೆಗಳಲ್ಲಿ ಇಂಥ ಚಿತ್ರಕ್ಕೆ ಸಿಗುವುದು ಸುಮಾರು 327 ಗೆರೆ, ಉಳಿದದ್ದು ಕಪ್ಪು. ಝೂಮ್ ಮಾಡಿದರೆ ಅಗಲ ತುಂಬುತ್ತದೆ, ಚಿತ್ರ ಮಸುಕಾಗಿಯೇ ಇರುತ್ತದೆ, ಮೇಲೆ ಕೆಳಗೆ ಸ್ವಲ್ಪ ಪಟ್ಟಿಯೂ ಉಳಿಯುತ್ತದೆ. ಅದು ಸರಿಯಾದ ಪಟ್ಟಿ, ಬಿಟ್ಟುಬಿಡಿ. ಕೆಳಗಿನ ಪಟ್ಟಿಯಲ್ಲಿ ಅಡಿಬರಹ ಇದ್ದು ಅದು ಕಡಿದುಹೋದರೆ, ಝೂಮ್‌ನಲ್ಲಿರುವಾಗಲೇ ರಿಮೋಟ್‌ನ ಮೇಲೆ-ಕೆಳಗೆ ಬಾಣಗಳಿಂದ ಚಿತ್ರವನ್ನು ಸರಿಸುವ ಸೌಲಭ್ಯ ಕೆಲವು ಟಿ.ವಿ.ಗಳಲ್ಲಿ ಇದೆ. ಎಚ್‌ಡಿ ಅಲ್ಲದ ಸಾಧಾರಣ ಚಾನೆಲ್ಲೊಂದರಲ್ಲಿ ಜನ ತೆಳ್ಳಗೆ, ಉದ್ದಕ್ಕೆ ಕಂಡರೆ, ಅಗಲ ಚಿತ್ರವನ್ನು ಹಿಂಡಿ ಕಳಿಸಿದ್ದಾರೆ, ಬಾಕ್ಸ್ ಅದನ್ನು 4:3 ಎಂದು ತಿಳಿದುಕೊಂಡಿದೆ. ಆ ಒಂದು ಚಾನೆಲ್ ನೋಡುವಷ್ಟು ಹೊತ್ತು ಬಾಕ್ಸ್‌ನಲ್ಲಿ ‘ಫುಲ್’ ಇಟ್ಟು ಆಮೇಲೆ ಮರೆಯದೆ ಹಿಂದಕ್ಕೆ ತನ್ನಿ.

ನಮಗೆ ಹೆಚ್ಚು ನೋವು ಕೊಡುವುದು ಇನ್ನೊಂದು ರೀತಿ. 4:3ರಲ್ಲಿ ತೆಗೆದ ಹಳೆಯ ಕಪ್ಪುಬಿಳುಪು ಸಿನಿಮಾವನ್ನು, ಹಳೆಯ ಸಂಗೀತ ಕಛೇರಿಯನ್ನು ಚಾನೆಲ್‌ನವರೇ ಅಡ್ಡಕ್ಕೆ ಎಳೆದು ಎಚ್‌ಡಿ ಎಂದು ಪ್ರಸಾರ ಮಾಡುವುದು. ಬಾಕ್ಸ್‌ಗೆ ಅದು ಶುದ್ಧ 16:9. ಇಂಥ ವೇಳೆ ಮಾತ್ರ ಟಿ.ವಿ.ಯ ರಿಮೋಟ್‌ನಲ್ಲಿ 4:3 ಒತ್ತಿ ನೋಡಿ. ಟಿ.ವಿ. ಒಪ್ಪಿದರೆ ಎಳೆದದ್ದು ಹಿಂದಕ್ಕೆ ಬಂದು ಮುಖಗಳು ಮೊದಲಿನಂತಾಗುತ್ತವೆ, ಚಾನೆಲ್‌ನ ಲೋಗೊ ಮಾತ್ರ ತೆಳ್ಳಗಾಗುತ್ತದೆ. ಎಚ್‌ಡಿ ಬಂದಾಗ ಈ ಆಯ್ಕೆಯನ್ನು ಮುಚ್ಚಿಡುವ ಟಿ.ವಿ.ಗಳೂ ಇವೆ, ಅಲ್ಲಿ ದಾರಿಯಿಲ್ಲ. ಝೂಮ್ ಮಾಡಿ ಕಳಿಸಿದ್ದಕ್ಕಂತೂ ಯಾವ ಮನೆಯಲ್ಲೂ ಪರಿಹಾರವಿಲ್ಲ, ಕತ್ತರಿಸಿದ ತಲೆ ಮತ್ತೆ ಬರುವುದಿಲ್ಲ. ಚಾನೆಲ್‌ಗಳ ಕಡತದಲ್ಲಿರುವ ಹಳೆಯ ಚಿತ್ರಗಳನ್ನು ಇದ್ದ ಆಕಾರದಲ್ಲೇ ತೋರಿಸಿ ಎಂದು ಪ್ರೇಕ್ಷಕರು ಬರೆದು ಕೇಳಬೇಕು. ಬದಿಯ ಪಟ್ಟಿ ಕಂಡು ದೂರು ಕೊಡುವವರೇ ಹೆಚ್ಚಾದರೆ ಅವರು ಎಳೆಯುವುದನ್ನೇ ಮುಂದುವರಿಸುತ್ತಾರೆ.

ಊರಿನ ಮದುವೆ, ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ಮುಂಬಯಿಗೆ ಬಂದಾಗ ತೆಗೆದ ಆಟ, ಇವೆಲ್ಲ ಕ್ಯಾಸೆಟ್‌ನಲ್ಲಿದ್ದು ಈಗ ಅಂಗಡಿಯಲ್ಲಿ ಪೆನ್‌ಡ್ರೈವ್‌ಗೆ ಹಾಕಿಸುವವರು ಬಹಳ ಮಂದಿ. ಒಮ್ಮೆ ತಪ್ಪಾದರೆ ಅದೇ ಶಾಶ್ವತ ಪ್ರತಿಯಾಗಿ ಉಳಿದುಬಿಡುವುದರಿಂದ ಇಲ್ಲಿ ಹೆಚ್ಚು ಎಚ್ಚರ ಬೇಕು. ನಮ್ಮ ದೇಶದ ‘ಪಾಲ್’ ಎಂಬ ಟಿ.ವಿ. ಪದ್ಧತಿಯ ಕ್ಯಾಸೆಟ್ಟನ್ನು ಡಿಜಿಟಲ್ ಮಾಡುವಾಗ ಸಾಮಾನ್ಯವಾಗಿ 720×576 ಚುಕ್ಕೆಗಳಲ್ಲಿ ಇಳಿಸಿಕೊಳ್ಳುತ್ತಾರೆ. ಈ ಎರಡು ಅಂಕಿಗಳನ್ನು ಭಾಗಿಸಿದರೆ 4:3 ಬರುವುದಿಲ್ಲ, 1.25 ಬರುತ್ತದೆ, ಯಾಕೆಂದರೆ ಆ ಚುಕ್ಕೆಗಳು ಚೌಕವಲ್ಲ, ಸ್ವಲ್ಪ ಅಗಲ. ಚೌಕ ಚುಕ್ಕೆಗೆ ತಂದರೆ 768×576 ಆಗಬೇಕು. ದೊಡ್ಡದು ಮಾಡಬೇಕೆಂದರೆ 1440×1080, ಎರಡೂ ಬದಿಗೆ 240 ಚುಕ್ಕೆ ಕಪ್ಪು ಸೇರಿದರೆ 1920×1080. ಅಂಗಡಿಯವರು ‘ಫುಲ್ ಎಚ್‌ಡಿ ಮಾಡಿಕೊಡುತ್ತೇವೆ’ ಎಂದರೆ ಬದಿಗೆ ಕಪ್ಪು ಬಿಡುತ್ತೀರಾ, ಎಳೆಯುತ್ತೀರಾ ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್ನೊಂದನ್ನೂ ಕೇಳಿ. ಕ್ಯಾಸೆಟ್‌ನಲ್ಲಿ ಸೆಕೆಂಡಿಗೆ 25 ಚೌಕಟ್ಟು, ಒಂದೊಂದರಲ್ಲೂ ಎರಡು ಅರೆಚಿತ್ರ, ಒಟ್ಟು 50 ಚಲನೆಯ ಕ್ಷಣಗಳು. ಸೋಮಾರಿತನದಿಂದ 25ಕ್ಕೆ ಇಳಿಸಿದರೆ ಅರ್ಧ ಚಲನೆ ಹೋಗಿ ಧೀಂಗಿಣ ಹಾಕುವಾಗ ಚಿತ್ರ ತಡವರಿಸುತ್ತದೆ. ‘ಡಿಇಂಟರ್‌ಲೇಸ್ ಮಾಡಿ 50 ಫ್ರೇಮ್ ಇಡಿ’ ಎಂದರೆ ಕೆಲಸ ಬಲ್ಲವರಿಗೆ ಅರ್ಥವಾಗುತ್ತದೆ. ಪ್ರತಿ ಸರಿಯಿದೆಯೆಂದು ಮನೆಯ ಟಿ.ವಿ.ಯಲ್ಲಿ ಪೂರ್ತಿ ನೋಡುವ ತನಕ ಮೂಲ ಕ್ಯಾಸೆಟ್ ಎಸೆಯಬೇಡಿ.

ಈಗಾಗಲೇ ಎಳೆದು ಮಾಡಿಸಿದ್ದಾಗಿದ್ದರೆ ಗಾಬರಿ ಬೇಡ. ಏನೂ ಕತ್ತರಿಸದೆ ಬರೀ ಎಳೆದಿದ್ದರೆ ಹಿಂದಕ್ಕೆ ತರಬಹುದು. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ತೆರೆದು ‘ಎ’ ಕೀಲಿಯನ್ನು 4:3 ಬರುವ ತನಕ ಒತ್ತಿ ನೋಡಿ. ಮುಖಗಳು ಸರಿಯಾದರೆ ಫೈಲ್ ಉಳಿದಿದೆ. ಎಂಕೆವಿ (ಹೆಸರಿನ ಕೊನೆಗೆ .mkv ಇರುವ) ಫೈಲ್ ಆದರೆ ಒಳಗಿನ ಚಿತ್ರ ಮುಟ್ಟದೆ ಆಕಾರದ ನಮೂದನ್ನಷ್ಟೇ ತಿದ್ದಬಹುದು. ಆದರೆ ಪೆನ್‌ಡ್ರೈವ್ ಓದುವ ಕೆಲವು ಟಿ.ವಿ.ಗಳು ಆ ನಮೂದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆಗ 1440×1080ಕ್ಕೆ ಹೊಸದಾಗಿ ಪರಿವರ್ತಿಸುವುದೇ ಸರಿ.

ಪಟ್ಟಿ ಬಿಟ್ಟರೆ ಪರದೆ ಸುಟ್ಟುಹೋಗುತ್ತದೆ ಎಂಬ ಹೆದರಿಕೆ ಡಬ್ಬಾ ಮತ್ತು ಪ್ಲಾಸ್ಮಾ ಕಾಲದ್ದು. ಸಾಮಾನ್ಯ ಎಲ್‌ಇಡಿ ಟಿ.ವಿ.ಗೆ ಅದು ಅನ್ವಯಿಸುವುದಿಲ್ಲ. ಓಎಲ್‌ಇಡಿ ಇರುವವರು ದಿನವಿಡೀ ಬರೀ 4:3 ಚಾನೆಲ್ ಹಾಕಿಡದಿದ್ದರೆ ಸಾಕು.

ಸಂಘದ ಸಭಾಗೃಹಗಳ ಪ್ರೊಜೆಕ್ಟರ್ ಬಗ್ಗೆಯೂ ಎರಡು ಮಾತು. ಅಲ್ಲಿನ ಯಂತ್ರ 1024×768 ಆದರೆ 4:3, 1280×800 ಆದರೆ 16:10, ಟಿ.ವಿ.ಯ 16:9 ಅಲ್ಲ. ಲ್ಯಾಪ್‌ಟಾಪ್‌ನ ರೆಸಲ್ಯೂಷನನ್ನು ಯಂತ್ರದ ಅಂಕಿಗೇ ಹೊಂದಿಸಿ, ಪ್ರೊಜೆಕ್ಟರ್‌ನಲ್ಲಿ ‘ಆಟೊ’ ಅಥವಾ ‘ನೇಟಿವ್’ ಇಡಿ. ಯಂತ್ರವನ್ನು ಓರೆಯಾಗಿಟ್ಟು ಕೀಸ್ಟೋನ್ ಗುಂಡಿಯಿಂದ ಅಂಚು ನೆಟ್ಟಗೆ ಮಾಡಿದರೆ ಚೌಕಟ್ಟು ಸರಿಕಂಡರೂ ಒಳಗಿನ ಆಕಾರ ಸ್ವಲ್ಪ ಕೆಡುತ್ತದೆ, ಚುಕ್ಕೆಗಳೂ ವ್ಯರ್ಥವಾಗುತ್ತವೆ. ಮೇಜನ್ನು ಪರದೆಯ ನಡುಗೆರೆಗೆ ಸರಿಸುವುದೇ ಉತ್ತಮ.

ಪರೀಕ್ಷೆಗೆ ಕಣ್ಣಿಗಿಂತ ಅಳತೆ ಟೇಪು ನಂಬಿಕಸ್ತ, ಎಳೆದ ಚಿತ್ರಕ್ಕೆ ಕಣ್ಣು ವಾರದಲ್ಲಿ ಹೊಂದಿಕೊಂಡುಬಿಡುತ್ತದೆ. ಕಂಪ್ಯೂಟರಿನ ಪೇಂಟ್‌ನಲ್ಲಿ 1920×1080 ಹಾಳೆ ತೆರೆದು ಶಿಫ್ಟ್ ಕೀಲಿ ಒತ್ತಿಹಿಡಿದು ಒಂದು ದೊಡ್ಡ ವೃತ್ತ ಬರೆಯಿರಿ, ಟಿ.ವಿ.ಯಲ್ಲಿ ಬಾಕ್ಸ್‌ನ ತಂತಿ ಇದ್ದ ಕಿಂಡಿಗೇ ಲ್ಯಾಪ್‌ಟಾಪನ್ನು ಜೋಡಿಸಿ ಪೂರ್ಣ ಪರದೆಯಲ್ಲಿ ತೋರಿಸಿ. ಅಡ್ಡ ಮತ್ತು ಉದ್ದ ಒಂದೇ ಬಂದರೆ ಟಿ.ವಿ. ಸರಿಯಾಗಿದೆ. ಇದು ಬಾಕ್ಸನ್ನು ಪರೀಕ್ಷಿಸುವುದಿಲ್ಲ. ಅದಕ್ಕೆ ಒಂದೇ ಕಾರ್ಯಕ್ರಮವನ್ನು ಸಾಧಾರಣ ಚಾನೆಲ್‌ನಲ್ಲೂ ಅದರ ಎಚ್‌ಡಿ ಚಾನೆಲ್‌ನಲ್ಲೂ ಹಾಕಿ ಹೋಲಿಸಿ, ಇಲ್ಲವೇ ಬದಿಯಿಂದ ನೇರವಾಗಿ ತೋರಿಸಿದ ಕಾರಿನ ಚಕ್ರವೋ ಗೋಡೆ ಗಡಿಯಾರವೋ ಕಂಡಾಗ ಟೇಪು ಹಿಡಿಯಿರಿ. ಹೊಸ ಟಿ.ವಿ. ಅಥವಾ ಬಾಕ್ಸ್ ಕೂಡಿಸಲು ಬಂದವರು ಬಾಗಿಲು ದಾಟುವ ಮುಂಚೆ ಅವರ ಎದುರೇ ಈ ಅಳತೆ ಆಗಲಿ. ಅಡ್ಡ 40, ಉದ್ದ 30 ಬಂದರೆ ಅವರನ್ನು ಮತ್ತೆ ಕೂರಿಸಿ, ಬಾಕ್ಸ್‌ನ ರಿಮೋಟ್ ಕೈಗೆ ಕೊಡಿ.

— ಟಿ.ವಿ. ದುರಸ್ತಿ ಕೆಲಸದ ಇಬ್ಬರು ಓದುಗರು, ಡೊಂಬಿವಲಿ (ಪೂರ್ವ)